‘+130%’ ಎಚ್4 ಬಲ್ಬ್: ಕೊಟ್ಟ ಕಾಸಿಗೆ ತಕ್ಕ ಬೆಳಕು ಸಿಗುತ್ತದೆಯೇ?

ವ್ಯಾಗನ್‌ಆರ್, ಆಲ್ಟೊ, ಹಳೆಯ ಸ್ವಿಫ್ಟ್‌ನಂಥ ಗಾಡಿಗಳಲ್ಲಿ ಡಿಮ್ಮಿಗೂ ಬ್ರೈಟಿಗೂ ಒಂದೇ ಎಚ್4 ಹ್ಯಾಲೊಜೆನ್ ಬಲ್ಬು. ಕಂಪನಿಯಿಂದ ಬರುವುದು 60/55 ವ್ಯಾಟಿನದು (ಬ್ರೈಟಿಗೆ 60, ಡಿಮ್ಮಿಗೆ 55). ಅದರ ಬೆಳಕು ಸಾಲದವರು ಕೊಳ್ಳುವುದು ಫಿಲಿಪ್ಸ್ ಎಕ್ಸ್‌ಟ್ರೀಮ್‌ವಿಷನ್, ಓಸ್ರಾಮ್ ನೈಟ್ ಬ್ರೇಕರ್ ಥರದ ದುಬಾರಿ ಬಲ್ಬುಗಳನ್ನು. ಡಬ್ಬಿಯ ಮೇಲೆ ‘+130%’ ಎಂದು ದೊಡ್ಡದಾಗಿ ಬರೆದಿರುತ್ತದೆ. ಬೆಳಕು ಎರಡೂಕಾಲು ಪಟ್ಟಾಗುತ್ತದೆ ಎಂದುಕೊಂಡರೆ ನಿರಾಸೆ ಖಚಿತ. ಆ ಅಂಕಿ ರಸ್ತೆಯ ಮೇಲಿನ ಕೆಲವು ನಿಗದಿತ ಬಿಂದುಗಳದ್ದು, ಅದೂ ನಿಯಮ ಕೇಳುವ ಕನಿಷ್ಠ ಬೆಳಕಿಗೆ ಹೋಲಿಸಿದ್ದು. ಒಟ್ಟು ಬೆಳಕು ಹೆಚ್ಚುಕಡಿಮೆ ಸಾದಾ ಬಲ್ಬಿನಷ್ಟೇ ಇರುತ್ತದೆ.

ಹಾಗಂತ ಇದು ಮೋಸವಲ್ಲ. ಫಿಲಮೆಂಟನ್ನು ಇನ್ನೂ ಒತ್ತಾಗಿ, ಕರಾರುವಾಕ್ಕಾಗಿ ಸುತ್ತಿರುವುದರಿಂದ ಬೆಳಕು ದೂರದಲ್ಲಿ ಗಟ್ಟಿಯಾಗಿ ಕೂರುತ್ತದೆ. ವ್ಯಾಟ್ ಬದಲಾಗದ ಕಾರಣ ಹಳೆಯ ಹೋಲ್ಡರ್, ವೈರು, ಫ್ಯೂಸ್ ಎಲ್ಲವೂ ನಡೆಯುತ್ತವೆ. ಬೆಲೆ ಮಾತ್ರ ಸಾದಾ ಬಲ್ಬಿನ ಹಲವು ಪಟ್ಟು, ಬಾಳಿಕೆ ಕಡಿಮೆ. ಫಿಲಮೆಂಟನ್ನು ಹೆಚ್ಚು ಕಾಯಿಸಿದಷ್ಟೂ ಅದು ಬೇಗ ಸವೆಯುತ್ತದೆ. ಹಗಲೂ ಲೈಟ್ ಹಾಕಿ ಓಡಿಸುವವರಿಗೆ ಇದು ಬೇಡ.

ಬಲ್ಬಿಗೆ ದುಡ್ಡು ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಚಾಲೂ ಇಟ್ಟು, ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಒಮ್ಮೆ, ಹೋಲ್ಡರಿನ ಹಿಂಬದಿ ಪಿನ್ನುಗಳ ನಡುವೆ ಒಮ್ಮೆ ಅಳೆಯಬೇಕು. ಬಲ್ಬ್ ಕಳಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ತಪ್ಪು ವೈರಿಂಗಿನದು, ಬಲ್ಬಿನದಲ್ಲ. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ: 13.2 ವೋಲ್ಟ್ ಸಿಗಬೇಕಾದಲ್ಲಿ 12 ಸಿಕ್ಕರೆ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ಹೋಯಿತು. ತುಕ್ಕು ಹಿಡಿದ ಅರ್ತ್ ಬೋಲ್ಟು, ಸುಟ್ಟು ಕಂದಾದ ಹೋಲ್ಡರ್ ಸಾಮಾನ್ಯ ಕಾರಣಗಳು.

ಇದಕ್ಕೆ ಮದ್ದು ರಿಲೇ ಕಿಟ್. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು; ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ ನೇರ ಬರುತ್ತದೆ. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರ್ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಹೋಲ್ಡರಿನ ಸಂಕೇತ, 85 ಅರ್ತಿಗೆ. ಬಲ್ಬಿನ ಹೋಲ್ಡರ್ ಸೆರಾಮಿಕ್‌ನದೇ ಇರಲಿ. ಜಪಾನಿ ವಿನ್ಯಾಸದ ಕೆಲವು ಗಾಡಿಗಳಲ್ಲಿ ಸ್ವಿಚ್ ಪ್ಲಸ್ಸನ್ನಲ್ಲ, ಅರ್ತನ್ನು ಕಡಿಯುತ್ತದೆ. ಅಲ್ಲಿ ಸಿದ್ಧ ಕಿಟ್ ಹಾಗೇ ಜೋಡಿಸಿದರೆ ಕೆಲಸ ಮಾಡದು. ಮೊದಲೇ ಪರೀಕ್ಷಿಸಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಿಟ್ ಹುಡುಕುವಾಗ ವೈರಿನ ದಪ್ಪ ಕೇಳಿ. ದಪ್ಪ ಹೊದಿಕೆಯೊಳಗೆ ನೂಲಿನಷ್ಟು ತಾಮ್ರ ಇಟ್ಟ ಮಾಲೂ ಬರುತ್ತದೆ.

100/90 ವ್ಯಾಟ್ ಬಲ್ಬನ್ನು ಹಳೆಯ ವೈರಿಂಗಿಗೇ ಸಿಕ್ಕಿಸುವುದು ಶುದ್ಧ ಅವಿವೇಕ. ಜೋಡಿಗೆ 10 ಆಂಪಿಯರ್ ಬದಲು 16–17 ಹರಿದು ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಡುತ್ತದೆ. ನೀಲಿ ಲೇಪದ ‘ಬಿಳಿ ಬೆಳಕಿನ’ ಬಲ್ಬುಗಳ ಕತೆ ಬೇರೆ: ಲೇಪ ಹಳದಿಯನ್ನು ಸೋಸಿಬಿಡುವುದರಿಂದ ಬೆಳಕೇ ಕಡಿಮೆ. ಚಾರ್ಮಾಡಿ, ಆಗುಂಬೆಯ ಮಂಜಿನಲ್ಲಿ ಅವು ನಿಷ್ಪ್ರಯೋಜಕ.

ಎಲ್‌ಇಡಿ? ಎಚ್4ರ ಡಿಮ್ ಫಿಲಮೆಂಟಿನ ಕೆಳಗೆ ಸಣ್ಣ ಲೋಹದ ತಟ್ಟೆಯಿದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು, ಎದುರಿನವರ ಕಣ್ಣಿಗೆ ರಾಚದಿರುವುದು ಅದರಿಂದಲೇ. ಎಲ್‌ಇಡಿ ಬಲ್ಬಿನಲ್ಲಿ ಆ ತಟ್ಟೆಯ ಅಳತೆ, ಬೆಳಕು ಕೊಡುವ ಚಿಪ್‌ನ ಜಾಗ ಕೂದಲೆಳೆ ತಪ್ಪಿದರೂ ಬೆಳಕು ಚೆಲ್ಲಾಪಿಲ್ಲಿ. ಅಗ್ಗದ ಎಲ್‌ಇಡಿಗಳಲ್ಲಿ ಆಗುವುದೇ ಇದು. ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ 2024ರಲ್ಲಿ ಕಾರ್ಯಾಚರಣೆ ನಡೆಸಿದ್ದು ಸುಮ್ಮನೆ ಅಲ್ಲ.

ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ಲೆನ್ಸ್ ಹಳದಿಯಾಗಿದ್ದರೆ ಯಾವ ಬಲ್ಬೂ ಉಪಯೋಗಕ್ಕೆ ಬಾರದು. 1000, 2000, 3000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕುತ್ತಾ ಉಜ್ಜಿ, ಪಾಲಿಶ್ ಮಾಡುವ ಕಾಂಪೌಂಡ್ ಪೇಸ್ಟ್ ಹಚ್ಚಿ ಹೊಳಪಿಸಿ, ಕೊನೆಗೆ ಯುವಿ ಕ್ಲಿಯರ್ ಕೋಟ್ ಹೊಡೆಯಬೇಕು. ಟೂತ್‌ಪೇಸ್ಟ್ ಉಜ್ಜಿದರೂ ಹೊಳೆಯುತ್ತದೆ, ಆದರೆ ಬಿಸಿಲು ತಡೆಯುವ ಪದರವಿಲ್ಲದೆ ಹಳದಿ ಬೇಗ ಮರಳುತ್ತದೆ.

ಬಲ್ಬ್ ಬದಲಿಸುವುದು ಸುಲಭ. ಲೈಟ್ ಆರಿಸಿ ಹತ್ತು ನಿಮಿಷ ತಣಿಯಲು ಬಿಡಿ. ಮೂರು ಪಿನ್ನಿನ ಹೋಲ್ಡರ್ ನೇರ ಎಳೆದು, ರಬ್ಬರ್ ಟೋಪಿ ಬಿಚ್ಚಿ, ತಂತಿ ಕ್ಲಿಪ್ ಒತ್ತಿ ಸರಿಸಿ. ಹೊಸದನ್ನು ಲೋಹದ ಬುಡ ಹಿಡಿದು, ಅಗಲವಾದ ಕಿವಿ ಮೇಲೆ ಬರುವಂತೆ ಕೂರಿಸಿ. ಗಾಜಿಗೆ ಬೆರಳು ತಾಗಿದರೆ ಎಣ್ಣೆಯ ಕಲೆಯಿದ್ದಲ್ಲಿ ಶಾಖ ಏರಿ ಸಿಡಿಯಬಹುದು, ಸ್ಪಿರಿಟ್ ಬಟ್ಟೆಯಿಂದ ಒರೆಸಿ. ರಬ್ಬರ್ ಟೋಪಿ ಸಡಿಲವಾಗಿ ಕೂತರೆ ಮಳೆಗಾಲದಲ್ಲಿ ಒಳಗೆ ತೇವ ಕಟ್ಟುತ್ತದೆ.

ಎರಡೂ ಬದಿ ಒಟ್ಟಿಗೇ ಬದಲಿಸಿ ಬೆಳಕು ಬೀಳುವ ಮಟ್ಟ ನೋಡಿ. ಟೈರಿನ ಗಾಳಿ ಸರಿಯಿಟ್ಟು, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಬೆಳಕನ್ನು ಮೇಲೆ ಕೆಳಗೆ ಮಾಡುವ ಡ್ಯಾಶ್‌ಬೋರ್ಡಿನ ಲೆವೆಲ್ ಗುಂಡಿ ಸೊನ್ನೆಯಲ್ಲಿರಲಿ. ಡಿಮ್ಮಿನ ಮೇಲಂಚು ಬಲ್ಬಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಕ್ಕೆ ಮಾತ್ರ ಮೇಲೇರಬೇಕು.