ಹೆಳವರ ಪುಸ್ತಕದಲ್ಲಿ ನಮ್ಮ ‘ಉಪ್ಪಿನ’ ಮನೆತನ: ಐದಕ್ಕೆ ನಾಲ್ಕೂವರೆ

ಅಡ್ಡಹೆಸರಿನ ಅರ್ಥ ಹೇಳುವ ವೆಬ್‌ಸೈಟಿಗೆ ದುಡ್ಡು ಕಟ್ಟುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನನ್ನ ತಮ್ಮ ಅಂಥದ್ದೊಂದಕ್ಕೆ ಕಟ್ಟಿದ್ದ. ನಮ್ಮ ಅಡ್ಡಹೆಸರು ಉಪ್ಪಿನ. ನೀವು ಸಮುದ್ರವನ್ನು ಪ್ರೀತಿಸುವ ಜನ ಅಂತ ಉತ್ತರ ಬಂತು, ಜೊತೆಗೆ ನಮಗೆ ಕೂಡಿಬರುವ ಬಣ್ಣ, ಸಂಖ್ಯೆ. ನಮ್ಮದು ನವಲಗುಂದ ಸೀಮೆಯ ಎರೆಹೊಲದ ಒಕ್ಕಲುತನ. ಅಜ್ಜಿ ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಅದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯಿತು.

ಇದಕ್ಕಿಂತ ಎಷ್ಟೋ ಒಳ್ಳೆಯ ಸೇವೆ ನಮ್ಮ ಭಾಗದಲ್ಲಿ ಬಾಗಿಲಿಗೇ ಬರುತ್ತದೆ. ಹೆಳವರು. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಇವರನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಮನೆತನಗಳ ವಂಶಾವಳಿ ಬರೆದಿಟ್ಟು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳುವುದು ಇವರ ಕಸುಬು. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬೈಕು, ಟೆಂಪೋ. ಯಾವ ಊರು, ಯಾವ ಮನೆ ಯಾರ ಪಾಲಿಗೆ ಅನ್ನುವುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ತಂದೆ ಓದಿದ ಮನೆಗೆ ಮಗ ಬರುತ್ತಾನೆ. ಹರಿದ್ವಾರದ ತೀರ್ಥಪುರೋಹಿತರಾದ ಪಂಡರ ಹತ್ತಿರವೂ ಇಂಥ ವಹಿಗಳಿವೆ. ಆದರೆ ಅಲ್ಲಿಗೆ ನಾವೇ ಹೋಗಬೇಕು.

ನಮ್ಮ ಮನೆಯ ಹೆಳವರು ಬಂದದ್ದು ಸುಗ್ಗಿ ಮುಗಿದ ಮೇಲೆ. ಅಪ್ಪ ಫೋನ್ ಮಾಡಿದ್ದರಿಂದ ನಾನು ಹುಬ್ಬಳ್ಳಿಯಿಂದ ಊರಿಗೆ ಹೋದೆ. ಬಂದವರಿಗೆ ಅರವತ್ತರ ಮೇಲಿರಬೇಕು. ಬಟ್ಟೆಯಲ್ಲಿ ಸುತ್ತಿದ ಪುಸ್ತಕ, ರಟ್ಟಿನ ಅಂಚು ಸವೆದು ನೂಲು ಕಾಣುತ್ತಿತ್ತು. ನಾನು ಸೀದಾ ನಮ್ಮ ಹೆಸರು ಎಲ್ಲಿಂದ ಬಂತು ಅಂತ ಕೇಳಿದೆ. ‘ಕುಂದ್ರು ತಂಗೆವ್ವಾ. ಮೊದಲ ನಿಮ್ಮ ಮುತ್ಯಾನ ಹೆಸರ ಹೇಳು, ಆಮ್ಯಾಲ ನಾ ಹೇಳ್ತೀನಿ’ ಅಂದರು. ಸರಿಯಾದ ಪುಟ ತೆರೆದಿದ್ದಾರೋ ಇಲ್ಲವೋ ಅಂತ ತಾಳೆ ನೋಡುವ ಕ್ರಮ ಅದು. ನನಗೆ ಅದು ಬಹಳ ಹಿಡಿಸಿತು.

ಆಮೇಲೆ ಓದಲು ಶುರುಮಾಡಿದರು. ಓದುವುದು ಅನ್ನುವುದಕ್ಕಿಂತ ರಾಗದಲ್ಲಿ ಹೇಳುವುದು. ಮೂಲಪುರುಷ, ಅವನ ಊರು, ಬೆಡಗು (ಗೋತ್ರದ ಹಾಗೆ), ಮಕ್ಕಳು, ಹಿರಿಯವನ ಸಂತಾನ, ನಡುವಿನವನ ಸಂತಾನ, ಯಾರು ಯಾವ ಊರಿಗೆ ಹೋದರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ದತ್ತು ಬಂದರು. ಬೆರಳು ಸಾಲಿನ ಮೇಲೆ ಓಡುತ್ತದೆ, ಉಸಿರು ನಿಲ್ಲುವುದೇ ಇಲ್ಲ. ನಡುವೆ ಅಜ್ಜಿ ತಮ್ಮ ಮಾವನ ತಮ್ಮನೊಬ್ಬನ ಹೆಸರು ಬಿಟ್ಟಿದ್ದೀರಿ ಅಂತ ತಡೆದರು. ಅವರು ಪುಟ ಹಿಂದೆ ತಿರುವಿ, ಆ ಹುಡುಗ ಎಳೆಯದರಲ್ಲೇ ತೀರಿಕೊಂಡದ್ದನ್ನು ತೋರಿಸಿದರು. ಅಜ್ಜಿ ಹೌದೆಂದು ತಲೆಯಾಡಿಸಿದರು.

‘ಉಪ್ಪಿನ’ ಅನ್ನುವುದು ನಮ್ಮ ಪುಟದಲ್ಲಿ ಮೊದಲು ಕಾಣುವುದು ಅಪ್ಪನಿಂದ ಐದು ತಲೆ ಹಿಂದಿನ ಅಜ್ಜನ ಹೆಸರಿನ ಮುಂದೆ. ಸರಕು ಹೊರುವ ಹೇರೆತ್ತು ಇಟ್ಟಿದ್ದವನು. ಹತ್ತಿ ಹೇರಿಕೊಂಡು ಕುಮಟೆಗೆ ಇಳಿಯುವುದು, ಬರುವಾಗ ಗೋಣಿಯಲ್ಲಿ ಉಪ್ಪು ತಂದು ಊರೂರಿಗೆ ಜೋಳಕ್ಕೆ ಬದಲು ಕೊಡುವುದು. ಹೆಳವರು ಹೇಳಿದ್ದು ಇಷ್ಟೇ. ಆದರೆ ಇದು ಆ ಕಾಲಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಧಾರವಾಡ ಸೀಮೆಯ ಹತ್ತಿ ಆಗ ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ನಮ್ಮ ಎರೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಅಂತಲೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಿಗದಾದಾಗ ಈ ಕಡೆಯ ಹತ್ತಿಗೆ ಬೇಡಿಕೆ ಜೋರಾಗಿತ್ತು. ಕುಮಟೆಯ ಪಕ್ಕದಲ್ಲೇ, ಗೋಕರ್ಣದ ಹತ್ತಿರ, ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಇಂದಿಗೂ ಅಲ್ಲಿ ಉಪ್ಪು ತೆಗೆಯುತ್ತಾರೆ. ಹತ್ತಿ ಇಳಿಸಿದ ಎತ್ತು ಬರಿಗೈಲಿ ದೇವಿಮನೆ ಘಟ್ಟ ಹತ್ತುತ್ತದೆಯೇ? ಉಪ್ಪು ಹೇರಿಕೊಂಡೇ ಹತ್ತಿರಬೇಕು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಈ ಎತ್ತಿನ ವ್ಯಾಪಾರ ಇಳಿಮುಖವಾಯಿತು. ನಮ್ಮವರು ಹೊಲಕ್ಕೆ ಇಳಿದರು, ಹೆಸರು ಮಾತ್ರ ಉಳಿಯಿತು.

ನಮ್ಮ ಕಾಕಾ ಯಾವಾಗಲೂ ಬೇರೆ ಕಥೆ ಹೇಳುತ್ತಿದ್ದರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರಲ್ಲ, ಆಗ ನಮ್ಮ ಹಿರಿಯರೂ ಹೋಗಿದ್ದರು, ಅದಕ್ಕೇ ಈ ಹೆಸರು ಅಂತ. ಪುಸ್ತಕದಲ್ಲಿ ಹೆಸರು ಅದಕ್ಕಿಂತ ಬಹಳ ಹಿಂದಿನಿಂದ ಇದೆ. ಹೆಳವರು ಕಾಕಾನ ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ. ‘ಹೋಗಿರಬೌದ್ರಿ ಅಪ್ಪಾರ. ಹೆಸರ ಮಾತ್ರ ಅದಕ್ಕೂ ಮೊದಲಿಂದು’ ಅಂದರು. ಮನೆಮಂದಿಯ ಮರ್ಯಾದೆ ಕಾಯುತ್ತ ನಿಜ ಹೇಳುವುದು ಸಣ್ಣ ಕೆಲಸವಲ್ಲ.

ನನಗೆ ತೀರಾ ಹೊಸದಾಗಿದ್ದ ಸಂಗತಿ ಇನ್ನೊಂದು. ಉಪ್ಪಿನ ಅಜ್ಜನ ತಮ್ಮ 1876–78ರ ದೊಡ್ಡ ಬರದ ಹೊತ್ತಿಗೆ ಊರು ಬಿಟ್ಟು ಹೋದ. ಹೋದ ಊರಲ್ಲಿ ಹೊಸದಾಗಿ ಮನೆ ಕಟ್ಟಿದ. ಅವನ ಸಂತಾನಕ್ಕೆ ಈಗ ‘ಹೊಸಮನಿ’ ಅಂತ ಅಡ್ಡಹೆಸರು. ನಮ್ಮ ಕಡೆ ಇದು ಮಾಮೂಲು. ಒಬ್ಬ ಗೌಡಕಿ ಮಾಡಿದರೆ ಪಾಟೀಲ, ಅವನ ತಮ್ಮ ಅಂಗಡಿ ಹಾಕಿದರೆ ಅಂಗಡಿ. ಅಡ್ಡಹೆಸರು ಒಂದೇ ಇದ್ದವರೆಲ್ಲ ನೆಂಟರಲ್ಲ, ಬೇರೆ ಇದ್ದವರೆಲ್ಲ ಪರರೂ ಅಲ್ಲ. ರಕ್ತಸಂಬಂಧ ತಿಳಿಯುವುದು ಬೆಡಗಿನಿಂದ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರ ನಡುವೆ ಮದುವೆ ಇಲ್ಲ. ಹೊಸಮನಿ ಅನ್ನುವ ಕುಟುಂಬವೊಂದು ನಮ್ಮವರೇ ಅಂತ ಯಾವ ಸಾಫ್ಟ್‌ವೇರೂ ನನಗೆ ಹೇಳುತ್ತಿರಲಿಲ್ಲ, ಅಲ್ವಾ?

ಈಗ ಅರ್ಧ ಅಂಕ ಯಾಕೆ ಕಡಿಮೆ ಅಂದರೆ, ನಮ್ಮ ಪುಟಗಳಲ್ಲಿ ಹೆಣ್ಣುಮಕ್ಕಳೇ ಇಲ್ಲ. ಅತ್ತೆಯಂದಿರು ಇಲ್ಲ, ನಾನೂ ಇಲ್ಲ, ತಮ್ಮ ಮಾತ್ರ ಇದ್ದಾನೆ. ಮದುವೆಯಾದ ಮೇಲೂ ನಾನು ಉಪ್ಪಿನ ಅಂತಲೇ ಬರೆಯುತ್ತೇನೆ. ಈ ಹೆಸರಿನ ಬೆನ್ನು ಹತ್ತಿದವಳೂ ನಾನೇ. ಅದಕ್ಕೆ ನನ್ನ ಹೆಸರು ಬರೆಯಲೇಬೇಕು ಅಂದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ‘ಬರೀರಿ’ ಅಂದರು. ಅತ್ತೆಯಂದಿರ ಹೆಸರು, ನನ್ನ ಹೆಸರು, ನನ್ನ ಮಗಳ ಹೆಸರು ಎಲ್ಲ ಬರೆದರು. ಬೇರೆ ಕೆಲವು ಮನೆಯವರೂ ಈಗ ಹೀಗೆ ಬರೆಸುತ್ತಾರಂತೆ. ಕೇಳಿದರೆ ಬರೆಯುತ್ತಾರೆ, ಹಾಗಾಗಿ ದಯವಿಟ್ಟು ಕೇಳಿ. ಅಕ್ಕತಂಗಿಯರ ಹೆಸರನ್ನು ಅಣ್ಣತಮ್ಮಂದಿರೇ ಬರೆಸಿದರೆ ಇನ್ನೂ ಚೆನ್ನ.

ದರ ಅಂತ ಇಲ್ಲ. ಕಾಳು, ಬಟ್ಟೆ, ಹಣ, ಅನುಕೂಲ ಇದ್ದವರು ದನಕರು ಕೊಡುವುದೂ ಉಂಟು. ನಾವು ಒಂದು ಚೀಲ ಜೋಳ, ಒಂದು ಧೋತರ, 2,000 ರೂಪಾಯಿ ಕೊಟ್ಟೆವು. ಹೊಸ ಹೆಸರು ಬರೆದದ್ದಕ್ಕೆ ಬೇರೆ ಕಾಣಿಕೆ. ಚೌಕಾಸಿ ಮಾಡಬೇಡಿ. ತಲೆಮಾರುಗಟ್ಟಲೆ ನಮ್ಮ ಹೆಸರು ಕಾಪಾಡಿದವರು, ತಮ್ಮ ಮಕ್ಕಳು ಈ ಕಸುಬಿಗೆ ಬರುವುದು ಅನುಮಾನ ಅಂತಾರೆ. ನಾವು ಚೆನ್ನಾಗಿ ಕೊಟ್ಟು ಕಳಿಸಿದರೆ ಅವರಿಗೂ ಮುಂದುವರಿಸಲು ಒಂದು ಕಾರಣ ಸಿಗುತ್ತದೆ.

ಕರೆಸುವವರಿಗೆ ಎರಡು ಮಾತು. ಮನೆಯ ಹಿರಿಯರು ಇರುವ ದಿನವೇ ಓದಿಸಿ, ಅವರಿಗೆ ಗೊತ್ತಿದ್ದದ್ದೂ ಪುಸ್ತಕಕ್ಕೆ ಸೇರುತ್ತದೆ. ಪುಟದ ಫೋಟೋ ತೆಗೆಯಲು ನಮ್ಮ ಹೆಳವರು ಒಪ್ಪಲಿಲ್ಲ, ಅದರಲ್ಲಿ ಬೇರೆ ಮನೆಗಳ ವಿಷಯವೂ ಇರುತ್ತದೆ ಅಂದರು. ಅದು ನ್ಯಾಯವೇ. ಓದುವುದನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟರು. ನೀವೂ ಮೊದಲೇ ಕೇಳಿ, ಫೋನ್ ಪೂರ್ತಿ ಚಾರ್ಜ್ ಮಾಡಿ ಇಟ್ಟುಕೊಳ್ಳಿ, ಯಾಕೆಂದರೆ ದೊಡ್ಡ ಮನೆತನವಾದರೆ ಓದು ಊಟದ ಹೊತ್ತು ದಾಟುತ್ತದೆ. ಅವರಿಗೂ ಊಟಕ್ಕೆ ಹೇಳಿಬಿಡಿ.