ಕೋಸ್ಟರ್ ಕೆತ್ತಲು ಮರ ಕೊಳ್ಳುವವರು ಈ ಒಂದು ಪ್ರಶ್ನೆಯನ್ನು ಮರೆಯಬೇಡಿ

ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದ ಪರಿಚಯದ ಮನೆಯವರು, ಬಂದವರ ಕೈಗೆ ತಾಂಬೂಲದ ಜೊತೆ ಕೊಡಲೆಂದು ಗಂಡಭೇರುಂಡ ಕೆತ್ತಿದ, ಲೋಟದ ಕೆಳಗಿಡುವ 60 ಮರದ ಕೋಸ್ಟರ್‌ಗಳನ್ನು ಬೇಕೆಂದಿದ್ದರು. ನನ್ನ ಬಳಿ ಇರುವುದು ಕಂಪ್ಯೂಟರಿನ ಸೂಚನೆಯಂತೆ ಕೆತ್ತುವ ಸಣ್ಣ ಸಿಎನ್‌ಸಿ ಯಂತ್ರ. ಶಿವಮೊಗ್ಗದ ನಾಲ್ಕು ಮಳೆಗಾಲಗಳಲ್ಲಿ ಅದನ್ನು ಓಡಿಸಿದ್ದೆ. ಆದ್ದರಿಂದ ಕೆಲಸ ಸುಲಭವೆಂದೇ ಒಪ್ಪಿಕೊಂಡು, ಸಾಮಿಲ್ಲೊಂದರಿಂದ ಹಲಸಿನ ಹಲಗೆಗಳನ್ನು ತಂದೆ. "ಎರಡು ವರ್ಷದ ಮರ ಸಾರ್, ಚೆನ್ನಾಗಿ ಒಣಗಿದೆ" ಎಂದು ಅಲ್ಲಿಯವರು ಹೇಳಿದ್ದರು.

ಅವರು ಸುಳ್ಳು ಹೇಳಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಮರ ಕಡಿದು ಎರಡು ವರ್ಷವಾಗಿದ್ದದ್ದು ನಿಜ. ಆದರೆ ಅಷ್ಟೂ ಕಾಲ ಅದು ದಿಮ್ಮಿಯಾಗಿಯೇ ಬಿದ್ದಿದ್ದು, ಹಲಗೆಯಾಗಿ ಸೀಳಿದ್ದು ನಾನು ಕೊಳ್ಳುವ ತಿಂಗಳ ಹಿಂದಷ್ಟೇ. ದಿಮ್ಮಿಯ ಒಳಗಿನ ನೀರು ಅಷ್ಟು ಬೇಗ ಹೊರಬರುವುದಿಲ್ಲ. ಸೀಳಿದ ಮೇಲೂ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ನಾನು ಕೇಳಬೇಕಾಗಿದ್ದದ್ದು "ಕಡಿದದ್ದು ಯಾವಾಗ" ಎಂದಲ್ಲ, "ಸೀಳಿದ್ದು ಯಾವಾಗ" ಎಂದು.

ಕೆತ್ತುವಾಗಲೇ ಸೂಚನೆಗಳಿದ್ದವು. ಒಣ ಹಲಸು ಯಂತ್ರದ ಕೆತ್ತುವ ಮೊನೆಯಾದ ಬಿಟ್‌ನ ಕೆಳಗೆ ಪುಡಿಯಾಗಿ ಹಾರುತ್ತದೆ. ಇದು ಮೆತ್ತನೆಯ ಎಳೆಗಳಾಗಿ ಬಿಟ್‌ಗೇ ಸುತ್ತಿಕೊಳ್ಳುತ್ತಿತ್ತು, ರೆಕ್ಕೆಯ ಗರಿಗಳ ಅಂಚಿನಲ್ಲಿ ನಾರು ಎದ್ದು ನಿಲ್ಲುತ್ತಿತ್ತು. ಬಿಟ್ ಮೊಂಡಾಗಿದೆಯೆಂದುಕೊಂಡು ಹೊಸದನ್ನು ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ, ಹಿಂದಿನ ರಾತ್ರಿ ಕೀಸುಳಿ ಹಾಕಿ ಸಮ ಮಾಡಿಟ್ಟಿದ್ದ ಹಲಗೆ ಒಂದು ಕಡೆ ಅರ್ಧ ಮಿಲಿಮೀಟರಿನಷ್ಟು ಮೇಲೆದ್ದಿತ್ತು. ಅರ್ಧ ಮಿಲಿಮೀಟರು ತಾನೇ ಎಂದು ಬಿಡುವಂತಿಲ್ಲ. ಮೇಲೆದ್ದ ಕಡೆ ಬಿಟ್ ಅಷ್ಟೇ ಹೆಚ್ಚು ಆಳಕ್ಕೆ ಇಳಿಯುತ್ತದೆ. ತುದಿ ಚೂಪಾಗಿರುವ 60 ಡಿಗ್ರಿಯ ವಿ-ಬಿಟ್ 2 ಮಿ.ಮೀ. ಆಳಕ್ಕೆ ಇಳಿದರೆ ಗೆರೆಯ ಅಗಲ 2.3 ಮಿ.ಮೀ.; 2.5 ಇಳಿದರೆ 2.9. ಹೀಗಾಗಿ ನನ್ನ ಗಂಡಭೇರುಂಡದ ಒಂದು ಕೊಕ್ಕು ಗಿಳಿಯದಾಗಿ, ಇನ್ನೊಂದು ಗುಬ್ಬಿಯದಾಗಿ ಮೂಡಿತು. ಅಂಥ ಏಳನ್ನು ಪಕ್ಕಕ್ಕಿಟ್ಟು, ಮತ್ತೆ ಕೆತ್ತಿ, ಗೆರೆಗಳಿಗೆ ಕಪ್ಪು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟು) ತುಂಬಿ, ಪಾಲಿಶ್ ಮಾಡಿ, ಹೇಳಿದ ದಿನಕ್ಕೆ ತಲುಪಿಸಿದೆ. ಆ ದಿನ ಅವು ನಿಜಕ್ಕೂ ಚೆನ್ನಾಗಿದ್ದವು.

ಎರಡು ತಿಂಗಳಿಗೆ ಆ ಮನೆಯ ಹಿರಿಯರು ಫೋನ್ ಮಾಡಿ, "ನಿಮ್ಮ ಬಿಲ್ಲೆ ಲೋಟದ ಜೊತೆಗೇ ಮೇಲೆ ಬಂತಪ್ಪ, ಅರ್ಧಕ್ಕೆ ಕೆಳಗೆ ಬಿತ್ತು" ಎಂದರು. ಹೋಗಿ ನೋಡಿದೆ. 100 ಮಿ.ಮೀ. ದುಂಡಗಿದ್ದ ಕೋಸ್ಟರ್ ಎಳೆಗೆ ಅಡ್ಡಲಾಗಿ 98ಕ್ಕೆ ಇಳಿದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಮೇಜಿನ ಮೇಲಿಟ್ಟರೆ ಲಟಲಟ ಅಲ್ಲಾಡುತ್ತಿತ್ತು. ಮರ ಕುಗ್ಗಿದರೂ ರೆಸಿನ್ ಕುಗ್ಗದ ಕಾರಣ ಎರಡರ ನಡುವೆ ಕೂದಲೆಳೆಯಷ್ಟು ಬಿರುಕು ಬಿದ್ದು, ಅದರೊಳಗೆ ಕಾಫಿ ಇಳಿದು ಕಲೆಯಾಗಿತ್ತು. ಕಪ್ಪು ಗೆರೆಗಳ ಮೇಲೆ ಸ್ಟೀಲ್ ಲೋಟದ ತಳದ ಬಳೆ ಅಚ್ಚೊತ್ತಿದಂತೆ ಕೂತಿತ್ತು. ಈ ಕೊನೆಯ ತಪ್ಪು ಮರದ್ದಲ್ಲ, ನನ್ನದೇ. ಅಗ್ಗದ ರೆಸಿನ್ 50–60 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗುತ್ತದೆ. ಪಿಂಗಾಣಿ ಕಪ್ಪಿಗೆ ತಡೆದುಕೊಳ್ಳಬಹುದಾದದ್ದು, ಬಿಸಿಯನ್ನು ನೇರವಾಗಿ ಕೆಳಕ್ಕೆ ದಾಟಿಸುವ ಸ್ಟೀಲ್ ಲೋಟಕ್ಕೆ ತಡೆಯಲಾರದು. ನಮ್ಮ ಮನೆಗಳಲ್ಲಿ ಕಾಫಿ ಯಾವುದರಲ್ಲಿ ಬರುತ್ತದೆಂದು ನನಗೆ ಗೊತ್ತಿರಬೇಕಿತ್ತು.

ಉಳಿದಿದ್ದ ಹಲಗೆಯ ತುಂಡೊಂದನ್ನು ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: 50 ಗ್ರಾಂ. ಓವನ್ನಿನಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಮತ್ತೆ ಮತ್ತೆ ತೂಗಿದಾಗ 41ಕ್ಕೆ ನಿಂತಿತು. ಹೋದ 9 ಗ್ರಾಂ ನೀರನ್ನು ಒಣ ತೂಕವಾದ 41ರಿಂದ ಭಾಗಿಸಿದರೆ ತೇವಾಂಶ ಶೇ. 22. ಮನೆಯೊಳಗೆ ಇಡುವ ವಸ್ತುವಿಗೆ 12ರ ಒಳಗಿರಬೇಕು. ಈ ಪರೀಕ್ಷೆಯನ್ನು ಕೆತ್ತುವ ಮೊದಲೇ ಮಾಡಿದ್ದರೆ ಹೋಗುತ್ತಿದ್ದದ್ದು ಒಂದು ತುಂಡು ಮರ ಮಾತ್ರ.

ಹಣ ಹಿಂತಿರುಗಿಸಲು ಹೋದಾಗ ಅವರು ಬೇಡವೆಂದು, ಬೇರೆ ಮಾಡಿಕೊಡಲು ಹೇಳಿದರು. ಈ ಸಲ ಕೆಡವಿದ ಹಳೆಯ ಮನೆಯೊಂದರ ಜಂತೆಯನ್ನು ತಂದು ಸೀಳಿಸಿ, ರೆಸಿನ್ನಿನ ಗೊಡವೆಯೇ ಇಲ್ಲದೆ ಬರಿಯ ಕೆತ್ತನೆ ಮಾಡುತ್ತಿದ್ದೇನೆ. ಒಣಗಿರುವುದರಲ್ಲಿ ಅನುಮಾನವಿಲ್ಲ, ಅಳೆದು ನೋಡಿದ್ದೇನೆ. ಆದರೆ ಎರಡನೆಯ ಹಲಗೆಯಲ್ಲೇ ಒಳಗೆ ಮುರಿದು ಉಳಿದಿದ್ದ ಮೊಳೆಗೆ ತಾಗಿ ಬಿಟ್‌ನ ತುದಿ ಹಾರಿಹೋಯಿತು. ಹಳೆಯ ಮರ ಕೊಳ್ಳುವವರು ಯಂತ್ರಕ್ಕೆ ಏರಿಸುವ ಮುನ್ನ ಹಲಗೆಯ ಎರಡೂ ಮೈಗಳ ಮೇಲೆ ಗಟ್ಟಿಯಾದ ಅಯಸ್ಕಾಂತವೊಂದನ್ನು ಆಡಿಸಿ ನೋಡಿ.