ಡ್ರಾಫ್ಟ್, ಅಪ್ಪ-ಮಗ ನಿಯಮ, ಫ್ರೀ ಏಜೆನ್ಸಿ: ಎಎಫ್‌ಎಲ್ ಕ್ಲಬ್‌ಗೆ ಯಾವ ದಾರಿ?

ಎಎಫ್‌ಎಲ್ ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್. ಅಲ್ಲಿನ ಕ್ಲಬ್ ಆಟಗಾರರನ್ನು ತರೋಕೆ ಈ ಮೂರು ದಾರಿಗಳಲ್ಲಿ ಯಾವುದು ವಾಸಿ ಅನ್ನೋದು ಪ್ರಶ್ನೆ. ಕ್ಲಬ್ ಈಗ ಎಲ್ಲಿ ನಿಂತಿದೆ ಅನ್ನೋದೇ ಮುಖ್ಯ.

ಮೊದಲು ಖರ್ಚು. ಡ್ರಾಫ್ಟ್ ಅಂದರೆ ಕ್ಲಬ್‌ಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳೋ ವ್ಯವಸ್ಥೆ; ಒಂದೊಂದು ಸರದಿಯೂ ಒಂದು ‘ಆಯ್ಕೆ’. ಹೀಗೆ ಬಂದ ಹುಡುಗನ ಶುರುವಿನ ಸಂಬಳ ಕಡಿಮೆ. ಆದರೆ ಒಳ್ಳೆಯ, ಅಂದರೆ ಮುಂಚಿನ ಆಯ್ಕೆ ಬೇಕೆಂದರೆ ಲೀಗ್‌ನ ಅಂಕಪಟ್ಟಿಯಲ್ಲಿ ಕೆಳಗಿರಬೇಕು.

ಅಪ್ಪ-ಮಗ ನಿಯಮದಲ್ಲಿ ಆ ಕಷ್ಟವಿಲ್ಲ. ಅಪ್ಪ ಅದೇ ಕ್ಲಬ್‌ಗೆ 100 ಪಂದ್ಯ ಆಡಿದ್ದರೆ ಮಗನ ಮೇಲೆ ಕ್ಲಬ್‌ಗೆ ಮೊದಲ ಹಕ್ಕು. ಬೇರೆ ಕ್ಲಬ್ ತನ್ನ ಸರದಿಯಲ್ಲಿ ಅವನಿಗೆ ಬಿಡ್ ಹಾಕಿದರೆ, ಪ್ರತಿ ಆಯ್ಕೆಗೂ ಇರುವ ಅಂಕಗಳಲ್ಲಿ ಬೆಲೆ ಕಟ್ಟಿ ಉಳಿಸಿಕೊಳ್ಳಬಹುದು. 2021ರಲ್ಲಿ ಕಾಲಿಂಗ್‌ವುಡ್ ನಿಕ್ ಡೈಕೋಸ್‌ನನ್ನು ಪಡೆದದ್ದು ಹೀಗೆ, ಕೆಳಗಿನ, ಅಂದರೆ ತಡವಾಗಿ ಬರುವ ಹಲವು ಆಯ್ಕೆಗಳ ಅಂಕ ಕೂಡಿಸಿ! ಹೀಗೆ ಕಟ್ಟುವ ಅಂಕದಲ್ಲಿ ಮೊದಲ ಸುತ್ತಿಗೆ 20% ಇದ್ದ ರಿಯಾಯಿತಿ 2025ರಲ್ಲಿ 10%ಕ್ಕೆ ಇಳಿಯಿತು, ಕೆಳಗಿನ ಆಯ್ಕೆಗಳ ಬೆಲೆಯೂ ತಗ್ಗಿತು. ಬ್ರಿಸ್ಬೇನ್, ಗೋಲ್ಡ್ ಕೋಸ್ಟ್‌ನಂಥ ಉತ್ತರದ ಕ್ಲಬ್‌ಗಳು ತಮ್ಮದೇ ಅಕಾಡೆಮಿಯಲ್ಲಿ ಬೆಳೆಸಿದ ಹುಡುಗರಿಗೂ ಇದೇ ಲೆಕ್ಕ. ನನಗಂತೂ ಈ ಇಳಿಕೆ ನ್ಯಾಯ ಅನಿಸುತ್ತದೆ. ತಳದ ಕ್ಲಬ್‌ಗಳು ಕಾಯ್ದು ಕೂತದ್ದಕ್ಕೂ ಬೆಲೆ ಬೇಕಲ್ವಾ?

ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದ ಅನುಭವಿ ಆಟಗಾರ ಬೇರೆ ಕ್ಲಬ್‌ಗೆ ಹೋಗಬಹುದಾದ ನಿಯಮ, 2012ರಲ್ಲಿ ಬಂತು. ಬದಲಿಗೆ ಡ್ರಾಫ್ಟ್ ಆಯ್ಕೆ ಕೊಡಬೇಕಾಗಿಲ್ಲ, ಆಟಗಾರ ತಯಾರಾಗಿಯೇ ಬರುತ್ತಾನೆ. ಆದರೆ ಕ್ಲಬ್‌ನ ಒಟ್ಟು ಸಂಬಳಕ್ಕಿರುವ ಮಿತಿಯೊಳಗೆ ಜಾಗ ಜಾಸ್ತಿ ತಿನ್ನುತ್ತಾನೆ. ಹೀಗೆ ಬಂದ ಲ್ಯಾನ್ಸ್ ಫ್ರಾಂಕ್ಲಿನ್‌ಗೆ ಸಿಡ್ನಿ ಕ್ಲಬ್ 9 ವರ್ಷದ ಒಪ್ಪಂದ ಕೊಟ್ಟಿತು. ಆತ ಗೋಲುಗಳ ಮಳೆ ಸುರಿಸಿದ. ಆದರೂ ಅವನಿದ್ದಾಗ ಸಿಡ್ನಿ 2014, 2016, 2022ರ ಫೈನಲ್ ಸೋತಿತು.

ತಂಡ ಪೂರ್ತಿ ಹೊಸದಾಗಿ ಕಟ್ಟಬೇಕಾದರೆ ಡ್ರಾಫ್ಟ್. ಕಪ್ ಹತ್ತಿರದಲ್ಲಿದ್ದು ಒಂದು ಜಾಗ ಮಾತ್ರ ಖಾಲಿಯಿದ್ದರೆ ಫ್ರೀ ಏಜೆಂಟ್. ಕ್ಲಬ್‌ನ ಹಳೆಯ ಆಟಗಾರನ ಒಳ್ಳೆಯ ಮಗ ಡ್ರಾಫ್ಟ್‌ಗೆ ಬರುವ ಸುಳಿವಿದ್ದರೆ ಒಂದೆರಡು ವರ್ಷ ಮೊದಲೇ ಮೇಲಿನ ಆಯ್ಕೆಗಳನ್ನು ಕೂಡಿಡಿ.